ಮಿನಮಾತ ಬಂದರಿನ ಕೆಸರು

ಮೊದಲು ಕುಣಿದುವು ಬೆಕ್ಕುಗಳು. ಒಲೆಯ ಮಗ್ಗುಲಲ್ಲಿ ಮೀನಿನ ತುಣುಕಿಗಾಗಿ ಕಾದು ಕುಳಿತಿರುತ್ತಿದ್ದ ಸಾಧು ಪ್ರಾಣಿಗಳು ಇದ್ದಕ್ಕಿದ್ದಂತೆ ತೂರಾಡತೊಡಗಿದುವು, ಬಾಯಲ್ಲಿ ಜೊಲ್ಲು ಸುರಿಸುತ್ತ ನಿಂತಲ್ಲಿಯೇ ಗಿರಗಿರನೆ ತಿರುಗಿದುವು, ಗೋಡೆಗೆ ಹಾಯ್ದುವು, ಕೆಲವು ಓಡಿಹೋಗಿ ಸಮುದ್ರಕ್ಕೆ ಬಿದ್ದು ಸತ್ತುವು. ಹಾರುತ್ತಿದ್ದ ಕಾಗೆಗಳು ಕಲ್ಲಿನಂತೆ ನೆಲಕ್ಕೆ ಉರುಳಿದುವು. ಊರಿನವರು ಇದಕ್ಕೆ ‘ಬೆಕ್ಕು ಕುಣಿಯುವ ರೋಗ’ವೆಂದು ಹೆಸರಿಟ್ಟು ಮೊದಮೊದಲು ಬೆರಗುಪಟ್ಟರು. ಬೆಕ್ಕುಗಳ ತರುವಾಯ ಸರದಿ ಮನುಷ್ಯರದಾಯಿತು.

ಈ ಊರು ಜಪಾನಿನ ಕ್ಯೂಷು ದ್ವೀಪದ ಪಶ್ಚಿಮ ತೀರದಲ್ಲಿರುವ ಮಿನಮಾತ. ಅದರ ಮುಂದೆ ಹರಡಿರುವುದು ಶಿರಾನುಯಿ ಸಮುದ್ರ. ಹೆಸರಿಗೆ ಸಮುದ್ರವಾದರೂ ಸುತ್ತಲೂ ದ್ವೀಪಗಳು ಒತ್ತಿಕೊಂಡಿರುವುದರಿಂದ ಅದು ದೊಡ್ಡದೊಂದು ಸರೋವರದಂತೆ ಪ್ರಶಾಂತವಾಗಿದೆ. ಅಲೆಗಳ ಅಬ್ಬರವಿಲ್ಲದ ಅಂಥ ನೀರಿನಲ್ಲಿ ಮೀನುಗಳಿಗೆ ಸಮೃದ್ಧಿ, ಮೀನುಗಾರರಿಗೂ ಸಮೃದ್ಧಿ. ಆದರೆ ಅಲೆಗಳಿಲ್ಲದ ನೀರಿಗೆ ಇನ್ನೊಂದು ಗುಣವೂ ಉಂಟು. ಅದರಲ್ಲಿ ಸುರಿದದ್ದು ಎಲ್ಲಿಗೂ ಹೋಗದು. ತಳಕ್ಕಿಳಿದು ಅಲ್ಲಿಯೇ ಕೂಡುತ್ತದೆ.

1956ರ ಏಪ್ರಿಲ್ 21ರಂದು ಐದು ವರ್ಷದ ಹೆಣ್ಣುಮಗುವೊಂದನ್ನು ಊರಿನ ಚಿಸ್ಸೊ ಕಾರ್ಖಾನೆಯ ಆಸ್ಪತ್ರೆಗೆ ಕರೆತಂದರು. ಮಗುವಿಗೆ ನಡೆಯಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಮೈ ಸೆಟೆದುಕೊಳ್ಳುತ್ತಿತ್ತು. ಎರಡು ದಿನ ಕಳೆಯುವುದರೊಳಗೆ ಅದರ ತಂಗಿಗೂ ಅದೇ ಅವಸ್ಥೆ. ನೆರೆಮನೆಯ ಮಗುವಿಗೂ ಹೀಗೆಯೇ ಆಗಿದೆಯೆಂದು ತಾಯಿ ಹೇಳಿದಾಗ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿದರು. ಇನ್ನೂ ಎಂಟು ಮಂದಿ ರೋಗಿಗಳು ಸಿಕ್ಕಿದರು. ಆಸ್ಪತ್ರೆಯ ಮುಖ್ಯ ವೈದ್ಯ ಹೊಸೊಕಾವ ಹಾಜಿಮೆ ಮೇ 1ರಂದು, ಮಿದುಳು ಮತ್ತು ನರಗಳನ್ನು ಹಿಡಿಯುವ, ಕಾರಣ ತಿಳಿಯದ ರೋಗವೊಂದು ಹಬ್ಬಿದೆಯೆಂದು ಆರೋಗ್ಯಾಧಿಕಾರಿಗಳಿಗೆ ವರದಿಮಾಡಿದರು. ಅಂಟುಜಾಡ್ಯವಿರಬಹುದೆಂಬ ಭಯದಿಂದ ರೋಗಿಗಳನ್ನು ಪ್ರತ್ಯೇಕವಾಗಿರಿಸಿದ್ದಾಯಿತು. ಮನೆಗಳಿಗೆ ಔಷಧಿ ಸಿಂಪಡಿಸಿದ್ದಾಯಿತು. ರೋಗದ ನೋವಿನೊಡನೆ ನೆರೆಹೊರೆಯವರ ತಿರಸ್ಕಾರವೂ ಆ ಬಡ ಮೀನುಗಾರರ ಪಾಲಿಗೆ ಬಂದಿತು. ಅಕ್ಟೋಬರ್ ತಿಂಗಳ ಹೊತ್ತಿಗೆ ರೋಗಿಗಳ ಸಂಖ್ಯೆ 40ಕ್ಕೇರಿತ್ತು. ಅವರಲ್ಲಿ 14 ಮಂದಿ ತೀರಿಹೋಗಿದ್ದರು.

ಕುಮಾಮೊತೊ ವಿಶ್ವವಿದ್ಯಾನಿಲಯದ ವೈದ್ಯರು ಆ ವರ್ಷದ ಕೊನೆಯ ವೇಳೆಗೆ ಒಂದು ಸಂಗತಿಯನ್ನು ಗೊತ್ತುಮಾಡಿದರು: ಇದು ಅಂಟುರೋಗವಲ್ಲ, ಮೀನಿನ ಮೂಲಕ ಒಡಲಿಗಿಳಿದ ಯಾವುದೋ ಭಾರಲೋಹದ ವಿಷ. ಯಾವ ಲೋಹ? ಮ್ಯಾಂಗನೀಸ್ ಇರಬಹುದೆಂದರು, ಥ್ಯಾಲಿಯಂ ಇರಬಹುದೆಂದರು, ಸೆಲೀನಿಯಂ ಇರಬಹುದೆಂದರು. ಮೂರು ವರ್ಷ ಹೀಗೆಯೇ ಕಳೆದು 1959ರ ಜುಲೈಯಲ್ಲಿ ಅಪರಾಧಿ ಸಿಕ್ಕಿಬಿದ್ದಿತು. ಅದು ಪಾದರಸ; ಇಂಗಾಲದೊಡನೆ ಕೂಡಿಕೊಂಡ ಪಾದರಸ. ರೋಗಿಗಳ ತಲೆಗೂದಲನ್ನು ಪರೀಕ್ಷಿಸಿದಾಗ ಹತ್ತು ಲಕ್ಷ ಭಾಗಕ್ಕೆ 705 ಭಾಗದವರೆಗೂ ಪಾದರಸ ಕಂಡಿತು. ಕುಮಾಮೊತೊ ಪ್ರಾಂತದ ಇತರ ಜನರ ಕೂದಲಿನಲ್ಲಿದ್ದುದು ಸರಾಸರಿ ನಾಲ್ಕು ಭಾಗ ಮಾತ್ರ.

ಕಾರ್ಖಾನೆಯ ಕೊಳಚೆಕಾಲುವೆ ಹ್ಯಾಕ್ಕೆನ್ ಎಂಬ ಸಣ್ಣ ಬಂದರಿಗೆ ಬಂದು ಸೇರುತ್ತಿತ್ತು. ಅದರ ಬಾಯಲ್ಲಿದ್ದ ಕೆಸರನ್ನು ತೆಗೆದು ನೋಡಿದರೆ ಒಂದು ಟನ್ ಕೆಸರಿಗೆ 2 ಕಿಲೋಗ್ರಾಂ ಪಾದರಸ! ಗಣಿ ತೋಡಿ ತೆಗೆಯಲು ಸಾಕಾಗುವಷ್ಟು ಸಂಪತ್ತು ಅದು. ಉತ್ಪ್ರೇಕ್ಷೆಯ ಮಾತಲ್ಲ, ಆ ಕೆಸರಿನಿಂದ ಪಾದರಸವನ್ನು ಮರಳಿ ತೆಗೆದು ಮಾರುವುದಕ್ಕೆ ಕಾರ್ಖಾನೆಯವರು ಮುಂದೆ ಒಂದು ಉಪಸಂಸ್ಥೆಯನ್ನೇ ತೆರೆದರು.

ಲೋಹ ಒಂದು, ವೇಷ ಮೂರು

ಪಾದರಸದ ಪರಿಚಯ ಯಾರಿಗಿಲ್ಲ? ಜ್ವರ ನೋಡುವ ಗಾಜಿನ ಕೊಳವೆ ಕೈಜಾರಿ ಒಡೆದಾಗ ನೆಲದ ಮೇಲೆ ಉರುಳಾಡುವ ಬೆಳ್ಳಿಯ ಹನಿಗಳ ಹಿಂದೆ ಓಡದ ಮಕ್ಕಳಿಲ್ಲ. ಚುರುಕು ಹುಡುಗನನ್ನು ಪಾದರಸಕ್ಕೆ ಹೋಲಿಸುವುದು ಮನೆಮನೆಯ ಮಾತು. ಆದರೆ ಈ ಲೋಹಕ್ಕೆ ಮೂರು ವೇಷಗಳಿವೆಯೆಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಮೊದಲನೆಯದು ಶುದ್ಧ ಲೋಹ. ಅದನ್ನು ಹನಿಯಾಗಿ ನುಂಗಿದರೆ ಬಹುಮಟ್ಟಿಗೆ ಹಾಗೆಯೇ ಹೊರಬೀಳುತ್ತದೆ. ಆದರೆ ಆವಿಯಾಗಿ ಉಸಿರಿನೊಡನೆ ಒಳಹೊಕ್ಕರೆ ಮಾತ್ರ ಅಪಾಯ. ಎರಡನೆಯದು ಲವಣರೂಪ. ಇದು ಮೂತ್ರಪಿಂಡಗಳನ್ನು ಕೆಡಿಸುವ ಉಗ್ರವಿಷವಾದರೂ ಮಿದುಳಿನ ಬಾಗಿಲನ್ನು ಸುಲಭವಾಗಿ ದಾಟಲಾರದು. ಮೂರನೆಯದು ಇಂಗಾಲದ ಒಂದು ಪರಮಾಣು ಮತ್ತು ಜಲಜನಕದ ಮೂರು ಪರಮಾಣುಗಳ ಪುಟ್ಟ ಗೊಂಚಲನ್ನು ಹೆಗಲಿಗೇರಿಸಿಕೊಂಡ ಪಾದರಸ; ಇದೇ ಮಿಥೈಲ್ ಪಾದರಸ. ಈ ಗೊಂಚಲು ಅದಕ್ಕೆ ಎಲ್ಲೆಡೆಗೂ ಪ್ರವೇಶಪತ್ರವಿದ್ದಂತೆ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಅದು ನಿರಾತಂಕವಾಗಿ ನುಸುಳುತ್ತದೆ. ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಮಾಸು ಕೋಟೆಯಿದ್ದಂತೆ ಎಂದು ವೈದ್ಯರು ನಂಬಿದ್ದ ಕಾಲ ಅದು. ಮಿಥೈಲ್ ಪಾದರಸ ಆ ಕೋಟೆಯನ್ನೂ ದಾಟಿತು. ಮಿನಮಾತದಲ್ಲಿ ಅಷ್ಟೇನೂ ತೊಂದರೆ ಕಾಣದ ತಾಯಂದಿರಿಗೆ ಕತ್ತು ನಿಲ್ಲದ, ಮಾತು ಬಾರದ ಮಕ್ಕಳು ಹುಟ್ಟಿದರು. ತಾಯಿಯ ಒಡಲಿನ ವಿಷವನ್ನು ಮಗು ತಾನು ಹೀರಿಕೊಂಡು ಹುಟ್ಟಿತ್ತು. ಆ ಮನೆಗಳ ಕಥೆಯನ್ನು ಇದಕ್ಕಿಂತ ವಿವರವಾಗಿ ಹೇಳುವುದು ಕಷ್ಟ.

ಕಾರ್ಖಾನೆಯಲ್ಲಿ ಬಳಸುತ್ತಿದ್ದುದು ಎರಡನೆಯ ರೂಪ. 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿದ್ದರು. ಕ್ರಿಯೆಯನ್ನು ಚುರುಕುಗೊಳಿಸಲು ಪಾದರಸದ ಲವಣ ಬೇಕಾಗಿತ್ತು. ರೋಗಿಗಳ ದೇಹದಲ್ಲಿ ಕಂಡದ್ದು ಮೂರನೆಯ ರೂಪ. “ನಾವು ಸುರಿದದ್ದು ಆ ಪಾದರಸವಲ್ಲ” ಎಂಬುದು ಕಾರ್ಖಾನೆಯವರ ವಾದ. ಎರಡನೆಯದು ಮೂರನೆಯದಾದದ್ದು ಎಲ್ಲಿ? ಸಮುದ್ರದಲ್ಲೆ? ಮೀನಿನ ಒಡಲಲ್ಲೆ? ಕೆಸರಿನಲ್ಲೆ? ಈ ಪ್ರಶ್ನೆಯ ಮರೆಯಲ್ಲಿ ಹಲವು ವರ್ಷ ಕಳೆದುಹೋದುವು. ಹೊಸೊಕಾವ ಅವರು ಕಾರ್ಖಾನೆಯ ಕೊಳಚೆನೀರನ್ನೇ ಬೆಕ್ಕೊಂದರ ಆಹಾರಕ್ಕೆ ಬೆರೆಸಿ ತಿನ್ನಿಸಿದ್ದರು. 400ನೆಯ ಸಂಖ್ಯೆಯ ಆ ಬೆಕ್ಕು 1959ರ ಅಕ್ಟೋಬರಿನಲ್ಲಿ ಊರಿನ ಬೆಕ್ಕುಗಳಂತೆಯೇ ಕುಣಿಯಿತು. ಕಾರ್ಖಾನೆಯವರು ಆ ಪ್ರಯೋಗವನ್ನು ಮುಂದುವರಿಸಗೊಡಲಿಲ್ಲ. ಫಲಿತಾಂಶವೂ ಆಗ ಹೊರಗೆ ಬರಲಿಲ್ಲ. ಕೊನೆಗೆ ಕುಮಾಮೊತೊ ವಿಶ್ವವಿದ್ಯಾನಿಲಯದ ಇರುಕಾಯಾಮ ಕತ್ಸುರೋ ಅವರು 1962ರಲ್ಲಿ ಅಸಿಟಾಲ್ಡಿಹೈಡ್ ವಿಭಾಗದ ಗಸಿಯಿಂದಲೇ ಮಿಥೈಲ್ ಪಾದರಸವನ್ನು ಬೇರ್ಪಡಿಸಿದರು. ವಿಷ ಹುಟ್ಟಿದ್ದು ಕಡಲಲ್ಲಲ್ಲ, ಕಾರ್ಖಾನೆಯ ಕೊಪ್ಪರಿಗೆಯಲ್ಲಿ.

ಈ ಮಾತನ್ನು ಇಲ್ಲಿಯೇ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮುಂದೆ ಬರುವುದು ಕೆಸರಿನ ಸೂಕ್ಷ್ಮಜೀವಿಗಳ ಕಥೆ. ಅದನ್ನು ಕೇಳಿದವರು ಮನುಷ್ಯನ ಪಾಪವನ್ನು ಬಾಯಿಲ್ಲದ ಆ ಜೀವಿಗಳ ತಲೆಗೆ ಕಟ್ಟಿಬಿಡುವ ಸಂಭವವುಂಟು. ಅಸಿಟಾಲ್ಡಿಹೈಡ್ ತಯಾರಿಕೆ ನಿಂತದ್ದು 1968ರ ಮೇ ತಿಂಗಳಲ್ಲಿ. ರೋಗಕ್ಕೆ ಕಾರ್ಖಾನೆಯೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್ 26ರಂದು. ಮೊದಲ ವರದಿಯಾಗಿ ಹನ್ನೆರಡು ವರ್ಷಗಳ ಮೇಲೆ!

ಕತ್ತಲೆಯಲ್ಲಿ ಕೆಲಸಮಾಡುವವರು

ಕಾರ್ಖಾನೆಯ ಕೊಳವೆ ಮುಚ್ಚಿತು, ಸರಿ. ಆದರೆ ತಳದಲ್ಲಿ ಕೂಡಿದ್ದ ಪಾದರಸ? 70ರಿಂದ 150 ಟನ್ನುಗಳಷ್ಟು ಪಾದರಸ ಕೊಲ್ಲಿಗೆ ಸೇರಿತ್ತೆಂದು ಅಂದಾಜು. ಅದರಲ್ಲಿ ಬಹುಭಾಗ ಲವಣ ಮತ್ತು ಗಂಧಕದ ಸಂಯುಕ್ತಗಳಾಗಿ ಕೆಸರಿನಲ್ಲಿ ಕುಳಿತಿತ್ತು. ಅದು ಸುಮ್ಮನೆ ಕುಳಿತೇ ಇದ್ದೀತೆ?

ಇದಕ್ಕೆ ಉತ್ತರ ಬಂದದ್ದು ಜಪಾನಿನಿಂದಲ್ಲ, ಸ್ವೀಡನ್ನಿನಿಂದ. ಆ ದೇಶದ ಸರೋವರಗಳಲ್ಲಿ ಪೈಕ್ ಎಂಬ ದೊಡ್ಡ ಮೀನು ಜನಪ್ರಿಯ. 1960ರ ದಶಕದಲ್ಲಿ ಆ ಮೀನುಗಳಲ್ಲಿ ಪಾದರಸ ಕಂಡಿತು. ಆಶ್ಚರ್ಯವೆಂದರೆ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಮಿಥೈಲ್ ಪಾದರಸವೇ ಆಗಿತ್ತು. ಸುತ್ತಲಿನ ಕಾಗದದ ಗಿರಣಿಗಳಾಗಲಿ ಕ್ಲೋರಿನ್ ಕಾರ್ಖಾನೆಗಳಾಗಲಿ ಆ ರೂಪದ ಪಾದರಸವನ್ನು ಬಳಸುತ್ತಿರಲಿಲ್ಲ. ಸೋರೆನ್ ಯೆನ್ಸೆನ್ ಮತ್ತು ಆರ್ನೆ ಯೆರ್ನೆಲೋವ್ ಎಂಬ ಇಬ್ಬರು ವಿಜ್ಞಾನಿಗಳು ಬಹಳ ಸರಳವಾದ ಪರೀಕ್ಷೆಯೊಂದನ್ನು ಮಾಡಿದರು. ಮೀನು ಸಾಕುವ ಗಾಜಿನ ತೊಟ್ಟಿಯ ತಳದ ಕೆಸರನ್ನು ತೆಗೆದುಕೊಂಡು ಅದಕ್ಕೆ ಪಾದರಸದ ಲವಣ ಬೆರೆಸಿಟ್ಟರು. ಕೆಲವು ದಿನಗಳಲ್ಲಿ ಅದರಲ್ಲಿ ಮಿಥೈಲ್ ಪಾದರಸ ಕಾಣಿಸಿತು. ಕೆಸರನ್ನು ಕುದಿಸಿ ಅದರಲ್ಲಿನ ಜೀವಿಗಳನ್ನು ಕೊಂದು ಲವಣ ಬೆರೆಸಿದಾಗ ಏನೂ ಕಾಣಿಸಲಿಲ್ಲ. ಜೀವವಿರುವ ಕೆಸರೇ ಈ ಕೆಲಸ ಮಾಡುತ್ತದೆಂದು ಸಿದ್ಧವಾಯಿತು. 1969ರಲ್ಲಿ ಈ ವಿಷಯ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಜಗತ್ತಿನ ಬಂದರುಗಳನ್ನೆಲ್ಲ ಜನ ಹೊಸ ಅಂಜಿಕೆಯಿಂದ ನೋಡುವಂತಾಯಿತು.

ಬಂದರಿನ ಕೆಸರೆಂದರೆ ಹೇಸಿಗೆಯಿಂದ ಮೂಗುಮುಚ್ಚುವವರೇ ಹೆಚ್ಚು. ಆ ದುರ್ವಾಸನೆಯೇ ಅಲ್ಲಿ ನಡೆಯುತ್ತಿರುವ ಸಂಸಾರದ ಗುರುತು. ಮೇಲಿನ ತೆಳುವಾದ ಪದರವನ್ನು ಬಿಟ್ಟರೆ ಕೆಳಗೆ ಆಮ್ಲಜನಕದ ಸುಳಿವೇ ಇಲ್ಲ. ಕೊಳೆತ ವಸ್ತುಗಳು ಅದನ್ನೆಲ್ಲ ಕಬಳಿಸಿರುತ್ತವೆ. ನಮ್ಮಂಥ ಜೀವಿಗಳು ಅಲ್ಲಿ ಕ್ಷಣಕಾಲವೂ ಬದುಕಲಾರವು. ಆದರೆ ಕೆಲವು ಬ್ಯಾಕ್ಟೀರಿಯಗಳಿಗೆ ಅದೇ ಹುಟ್ಟೂರು. ಆಮ್ಲಜನಕವಿಲ್ಲದಿದ್ದರೇನು, ಸಮುದ್ರದ ನೀರಿನಲ್ಲಿ ಹೇರಳವಾಗಿ ಕರಗಿರುವ ಸಲ್ಫೇಟ್ ಇದೆ. ಲೀಟರಿಗೆ ಎರಡೂವರೆ ಗ್ರಾಮಿಗಿಂತಲೂ ಹೆಚ್ಚು. ಅವು ಅದನ್ನೇ ‘ಉಸಿರಾಡಿ’ ಜಲಜನಕದ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದು. ಆ ಅನಿಲ ಕೆಸರಿನಲ್ಲಿರುವ ಕಬ್ಬಿಣದೊಡನೆ ಕೂಡಿ ಕೆಸರನ್ನು ಕಾಡಿಗೆಯಂತೆ ಕಪ್ಪಾಗಿಸುತ್ತದೆ.

ಮಿಥೈಲ್ ಪಾದರಸ ಮಾಡುವ ಮುಖ್ಯ ಕಸಬುದಾರರು ಈ ಸಲ್ಫೇಟ್ ಜೀವಿಗಳೇ ಎಂಬುದನ್ನು 1985ರಲ್ಲಿ ಅಮೆರಿಕದ ಕಾಂಪೋ ಮತ್ತು ಬಾರ್ತಾ ಎಂಬುವರು ತೋರಿಸಿಕೊಟ್ಟರು. ಅಳಿವೆಯ ಉಪ್ಪುಕೆಸರಿಗೆ ಈ ಜೀವಿಗಳನ್ನು ಮಾತ್ರ ತಡೆಯುವ ಮಾಲಿಬ್ಡೇಟ್ ಎಂಬ ವಸ್ತುವನ್ನು ಹಾಕಿದರೆ ಮಿಥೈಲ್ ಪಾದರಸದ ಉತ್ಪತ್ತಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಕುಗ್ಗಿಹೋಯಿತು. ಇನ್ನೂ ಒಳಗಿನ ಗುಟ್ಟು ಹೊರಬಿದ್ದದ್ದು 2013ರಲ್ಲಿ. ಅಮೆರಿಕದ ಓಕ್‌ರಿಡ್ಜ್ ಪ್ರಯೋಗಶಾಲೆಯ ವಿಜ್ಞಾನಿಗಳು ಇದಕ್ಕೆ ಕಾರಣವಾದ ಎರಡು ಜೀನುಗಳನ್ನು ಕಂಡುಹಿಡಿದರು. ಎರಡರಲ್ಲಿ ಯಾವುದೊಂದನ್ನು ಕಿತ್ತರೂ ಕೆಲಸ ನಿಂತುಹೋಗುತ್ತದೆ. ಮರಳಿ ಸೇರಿಸಿದರೆ ಮತ್ತೆ ಆರಂಭವಾಗುತ್ತದೆ. ಎಲ್ಲ ಸಲ್ಫೇಟ್ ಜೀವಿಗಳಲ್ಲಿ ಈ ಜೋಡಿಯಿಲ್ಲ. ಕಬ್ಬಿಣವನ್ನು ಉಸಿರಾಡುವ ಕೆಲವು ಬ್ಯಾಕ್ಟೀರಿಯಗಳಲ್ಲಿಯೂ, ಜೌಗು ಅನಿಲ ಬಿಡುವ ಕೆಲವು ಜೀವಿಗಳಲ್ಲಿಯೂ ಇದೆ. ಇದರಿಂದ ಅವುಗಳಿಗೇನು ಲಾಭ? ಮಿಥೈಲ್ ಪಾದರಸ ಮಾಡುವುದರಿಂದ ಪಾದರಸದ ಉಪದ್ರವವೇನೂ ಅವುಗಳಿಗೆ ಕಡಿಮೆಯಾಗುವುದಿಲ್ಲವೆಂದು ಪರೀಕ್ಷೆಗಳು ಹೇಳುತ್ತವೆ. ಬೇರಾವುದೋ ಕೆಲಸದ ನಡುವೆ ಕೈತಪ್ಪಿ ಆಗಿಹೋಗುವ ಅನಾಹುತದಂತೆ ಇದು ಕಾಣುತ್ತದೆ.

ಇಲ್ಲಿಯೂ ಒಂದು ವಿಚಿತ್ರವುಂಟು. ಇದೇ ಜೀವಿಗಳು ಹೊರಬಿಡುವ ಗಂಧಕದ ಅನಿಲ ಪಾದರಸವನ್ನು ಗಟ್ಟಿಯಾಗಿ ಹಿಡಿದು ಇಂಗಳೀಕದ ಜಾತಿಯ, ನೀರಿನಲ್ಲಿ ಕರಗದ ಕಪ್ಪು ವಸ್ತುವನ್ನಾಗಿ ಮಾಡಿ ಕೆಸರಿನಲ್ಲಿ ಕೂರಿಸಿಬಿಡುತ್ತದೆ. ಒಂದು ಕೈಯಿಂದ ಬೀಗ ಹಾಕುವುದು, ಇನ್ನೊಂದು ಕೈಯಿಂದ ಕಿಟಕಿ ತೆರೆಯುವುದು! ಒಟ್ಟು ಪಾದರಸದಲ್ಲಿ ಮಿಥೈಲ್ ರೂಪಕ್ಕೆ ತಿರುಗುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಅಷ್ಟೇ ಸಾಕು. ಕೆಸರಿನ ಹುಳುವನ್ನು ಸಿಗಡಿ ತಿನ್ನುತ್ತದೆ, ಸಿಗಡಿಯನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು. ಮೆಟ್ಟಿಲೇರಿದಂತೆಲ್ಲ ವಿಷ ಮಡುಗಟ್ಟುತ್ತದೆ. ಮೇಲಿನ ಮೆಟ್ಟಿಲಲ್ಲಿ ಕುಳಿತಿರುವವನು ಮನುಷ್ಯ.

ವಿಷ ಮುರಿಯುವ ಜೀವಿಗಳು

ಇದುವರೆಗಿನದು ಕಥೆಯ ಕಪ್ಪು ಮುಖ. ಅದೇ ಕೆಸರಿನಲ್ಲಿ, ಅದೇ ಪಾದರಸದ ನಡುವೆ, ಇನ್ನೊಂದು ಕುಲದ ಜೀವಿಗಳು ಸಂಸಾರ ಹೂಡಿದ್ದುವು. ಇವುಗಳ ಸುಳಿವು ಮೊದಲು ದೊರೆತದ್ದೂ ಜಪಾನಿನಲ್ಲಿಯೇ. 1960ರ ದಶಕದ ಕೊನೆಯಲ್ಲಿ ತೊನೊಮುರ ಮತ್ತು ಅವರ ಸಂಗಡಿಗರು ಪಾದರಸ ಬೆರೆತ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದು, ಬೇರೆಯವನ್ನು ಕೊಂದುಹಾಕುವಷ್ಟು ಪಾದರಸದಲ್ಲಿಯೂ ಹಾಯಾಗಿ ಬೆಳೆಯಿತು. ಅಷ್ಟೇ ಅಲ್ಲ, ಪಾದರಸವನ್ನು ಆವಿಯನ್ನಾಗಿ ಮಾಡಿ ಹೊರದೂಡಿತು. 1978ರಲ್ಲಿ ಮಿನಮಾತದಲ್ಲಿ ಆ ರೋಗದ ಅಧ್ಯಯನಕ್ಕೆಂದೇ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅಲ್ಲಿನವರು ಕೊಲ್ಲಿಯ ಕೆಸರನ್ನು ಪರೀಕ್ಷಿಸಿದಾಗ, ಮಲಿನವಾಗದ ಕಡಲಿನ ಕೆಸರಿನಲ್ಲಿರುವುದಕ್ಕಿಂತ ಇಲ್ಲಿ ಇಂಥ ಜೀವಿಗಳು ಹೆಚ್ಚಾಗಿರುವುದು ಗೊತ್ತಾಯಿತು. ಮಿಥೈಲ್ ಪಾದರಸವನ್ನು ಕೂಡ ಅವು ಮುರಿಯುತ್ತಿದ್ದುವು.

ಮುರಿಯುವ ಬಗೆ ನೋಡತಕ್ಕದ್ದಾಗಿದೆ. ಈ ಬ್ಯಾಕ್ಟೀರಿಯದಲ್ಲಿ ಪಾದರಸಕ್ಕಾಗಿಯೇ ಮೀಸಲಾದ ಜೀನುಗಳ ಸಾಲೊಂದಿದೆ. ಪಾದರಸವಿಲ್ಲದಾಗ ಆ ಸಾಲು ನಿದ್ರಿಸುತ್ತಿರುತ್ತದೆ. ಅದರ ತಲೆಬಾಗಿಲಲ್ಲಿ ಕಾವಲುಗಾರನಂತೆ ಒಂದು ಪ್ರೋಟೀನು ಕುಳಿತಿರುತ್ತದೆ. ಪಾದರಸದ ಅಣು ಬಂದು ಅದನ್ನು ಮುಟ್ಟಿದೊಡನೆ ಕಾವಲುಗಾರ ಜೀನಿನ ಎಳೆಯನ್ನು ತುಸು ತಿರುಚುತ್ತಾನೆ, ಸಾಲು ಎಚ್ಚರಗೊಳ್ಳುತ್ತದೆ. ಮರುಗಳಿಗೆಯಲ್ಲಿ ಆಳುಗಳು ತಯಾರು. ಮೊದಲ ಆಳಿನ ಕೆಲಸ ಹೊರಗಿರುವ ಪಾದರಸವನ್ನು ಹಿಡಿದು ಒಳಗೆ ತರುವುದು. ವಿಷವನ್ನು ಮನೆಯೊಳಗೆ ಕರೆತರುವುದೇ? ಹೌದು; ಆಯುಧಗಳಿರುವುದು ಒಳಗೆ. ಅಲ್ಲಿ ಒಂದು ಕಿಣ್ವ ಕತ್ತರಿಯಂತೆ ವರ್ತಿಸಿ ಇಂಗಾಲದ ಗೊಂಚಲನ್ನು ಪಾದರಸದ ಹೆಗಲಿನಿಂದ ಕತ್ತರಿಸುತ್ತದೆ. ಉಳಿದದ್ದು ಲವಣರೂಪದ ಪಾದರಸ. ಇನ್ನೊಂದು ಕಿಣ್ವ ಅದಕ್ಕೆ ಎರಡು ಎಲೆಕ್ಟ್ರಾನುಗಳನ್ನು ದಾನಮಾಡುತ್ತದೆ. ಅಷ್ಟರಲ್ಲಿ ಪಾದರಸ ಶುದ್ಧ ಲೋಹವಾಗಿ, ಆವಿಯಾಗಿ, ಬ್ಯಾಕ್ಟೀರಿಯದ ಗೋಡೆಯ ಮೂಲಕ ತಾನಾಗಿಯೇ ಹೊರಟುಹೋಗುತ್ತದೆ. ಮೂರನೆಯ ವೇಷದಿಂದ ಎರಡಕ್ಕೆ, ಎರಡರಿಂದ ಮೊದಲಕ್ಕೆ! ಹಿಂದಿನ ರಸವಾದಿಗಳು ಪಾದರಸವನ್ನು ಚಿನ್ನ ಮಾಡಬೇಕೆಂದು ಒಲೆಯೂದಿ ಬಳಲಿದರು. ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಗಾತ್ರದ ಈ ಜೀವಿಯ ರಸವಿದ್ಯೆಗೆ ಅಂಥ ಆಸೆಯೇನೂ ಇಲ್ಲ. ಅದಕ್ಕೆ ಬೇಕಾದದ್ದು ಬದುಕಿ ಉಳಿಯುವುದು.

ಮಿನಮಾತ ಕೊಲ್ಲಿಯಿಂದ ಬೇರ್ಪಡಿಸಿದ ಬ್ಯಾಸಿಲಸ್ ಮೆಗಟೇರಿಯಂ ಎಂಬ ಬ್ಯಾಕ್ಟೀರಿಯದ ತಳಿಯೊಂದರ ಜೀನುಗಳನ್ನು 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಒಂದೊಂದಾಗಿ ಓದಿದರು. ಕತ್ತರಿಯ ಜೀನು ಅದರಲ್ಲಿ ಒಂದಲ್ಲ, ಮೂರು ಇದ್ದುವು. ಬಗೆಬಗೆಯ ಪಾದರಸಕ್ಕೆ ಬಗೆಬಗೆಯ ಕತ್ತರಿ. ಆದರೆ ನಿಜವಾದ ಬೆರಗು ಕಾದಿದ್ದುದು ಬೇರೆಡೆ.

ಅಮೆರಿಕದ ಬಾಸ್ಟನ್ ಬಂದರನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. 1773ರಲ್ಲಿ ಬ್ರಿಟಿಷರ ತೆರಿಗೆಯನ್ನು ಪ್ರತಿಭಟಿಸಿ ಜನರು ಚಹದ ಪೆಟ್ಟಿಗೆಗಳನ್ನು ಎಸೆದದ್ದು ಅಲ್ಲಿನ ನೀರಿಗೆ. ಆಮೇಲೆ ಎಸೆದದ್ದಕ್ಕೆ ಲೆಕ್ಕವಿಲ್ಲ. ಮಹಾನಗರದ ಚರಂಡಿಯ ಗಸಿಯನ್ನು ಆ ಬಂದರಿಗೆ ಸುರಿಯುವುದನ್ನು ನಿಲ್ಲಿಸಿದ್ದೇ 1991ರಲ್ಲಿ. 1980ರ ದಶಕದಲ್ಲಿ ಆ ಬಂದರಿನ ಕೆಸರಿನಿಂದ ಪಾದರಸಕ್ಕೆ ಜಗ್ಗದ ಬ್ಯಾಸಿಲಸ್ ತಳಿಯೊಂದನ್ನು ವಿಜ್ಞಾನಿಗಳು ಬೇರ್ಪಡಿಸಿ ಅದರ ಜೀನುಗಳನ್ನು ಓದಿಟ್ಟಿದ್ದರು. ಮಿನಮಾತದ ತಳಿಯ ಜೀನುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಎರಡರ ಪಾದರಸದ ಸಾಲೂ ಒಂದೇ ಲೇಖನಿಯಿಂದ ನಕಲುಮಾಡಿದಂತಿತ್ತು! ಒಂದು ಅಟ್ಲಾಂಟಿಕ್ ಸಾಗರದ ದಂಡೆ, ಇನ್ನೊಂದು ಅರ್ಧ ಭೂಗೋಳದಾಚೆ ಕ್ಯೂಷು.

ಇದರ ಮರ್ಮ ಇಷ್ಟೆ. ಈ ಜೀನುಗಳ ಸಾಲು ಜಿಗಿಯುವ ಸ್ವಭಾವದ್ದು. ಒಂದು ಕಡೆಯಿಂದ ಕಿತ್ತುಕೊಂಡು ಇನ್ನೊಂದು ಕಡೆ ಸೇರಿಕೊಳ್ಳಬಲ್ಲದು. ತಾಯಿಯಿಂದ ಮಗಳಿಗೆ ಮಾತ್ರವಲ್ಲ, ನೆರೆಯವಳಿಂದ ನೆರೆಯವಳಿಗೂ ದಾಟಬಲ್ಲ ಒಡವೆಯಿದು. ಹಲವು ದೇಶಗಳ ಮಣ್ಣು, ಕೆಸರುಗಳಲ್ಲಿ ಇದೇ ಬಗೆಯ ಸಾಲುಗಳು ಆಮೇಲೆ ಕಂಡುಬಂದುವು. ಸೈಬೀರಿಯದಲ್ಲಿ ಹಲವು ಸಾವಿರ ವರ್ಷಗಳಿಂದ ಕರಗದೆ ಹೆಪ್ಪುಗಟ್ಟಿರುವ ನೆಲದಿಂದ ತೆಗೆದ ಬ್ಯಾಕ್ಟೀರಿಯಗಳಲ್ಲಿ ಕೂಡ ಪಾದರಸವನ್ನು ಎದುರಿಸುವ ಜೀನುಗಳಿವೆ. ಅಗ್ನಿಪರ್ವತಗಳು ಪಾದರಸವನ್ನು ಉಗುಳತೊಡಗಿದಾಗ ಮನುಷ್ಯನಿನ್ನೂ ಹುಟ್ಟಿರಲಿಲ್ಲ. ಈ ವಿದ್ಯೆ ಅಷ್ಟು ಹಳೆಯದು. ಕಾರ್ಖಾನೆಗಳು ಅದನ್ನು ಹುಟ್ಟಿಸಲಿಲ್ಲ. ಅದನ್ನು ಬಲ್ಲವುಗಳ ಸಂತತಿಯನ್ನು ಬೆಳೆಸಿದುವು, ಅಷ್ಟೆ.

ಮನೆಯ ಔಷಧದ ಪೆಟ್ಟಿಗೆಗೂ ಈ ಕಥೆಗೂ ಒಂದು ನಂಟಿದೆ. ಬಿದ್ದು ತರಚಿದ ಮೊಣಕಾಲಿಗೆ ಹಿಂದೆ ಹಚ್ಚುತ್ತಿದ್ದ ಕೆಂಪು ಮರ್ಕ್ಯುರೋಕ್ರೋಮ್‌ನಲ್ಲಿ ಇದ್ದುದು ಪಾದರಸವೇ. ಆಸ್ಪತ್ರೆಗಳಲ್ಲಿ ಪಾದರಸದ ಔಷಧಗಳನ್ನು ಧಾರಾಳವಾಗಿ ಬಳಸುತ್ತಿದ್ದ ಕಾಲದಲ್ಲಿ ಅಲ್ಲಿನ ರೋಗಾಣುಗಳಲ್ಲಿಯೂ ಪಾದರಸದ ಜೀನುಗಳು ಕಂಡುಬಂದುವು. ಎಷ್ಟೋ ಸಲ ಪೆನಿಸಿಲಿನ್ ಮೊದಲಾದ ಮದ್ದುಗಳನ್ನು ಎದುರಿಸುವ ಜೀನುಗಳು ಅವುಗಳ ಜೊತೆಯಲ್ಲಿಯೇ, ಒಂದೇ ಗಾಡಿಯಲ್ಲಿ ಕುಳಿತ ಪ್ರಯಾಣಿಕರಂತೆ, ಸಂಚರಿಸುತ್ತವೆ. ಪಾದರಸ ಸುರಿದಲ್ಲಿ ಬೆಳೆಯುವುದು ಪಾದರಸಕ್ಕೆ ಜಗ್ಗದ ಜೀವಿ ಮಾತ್ರವೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ಬಲ್ಲ ಜೀವಿಗಳಿರುವಾಗ ಬಂದರುಗಳನ್ನು ಶುದ್ಧಮಾಡುವ ಕೆಲಸವನ್ನು ಅವುಗಳಿಗೇ ಏಕೆ ಒಪ್ಪಿಸಬಾರದು? ಈ ಆಸೆ ಸಹಜವಾದುದೇ. ಆದರೆ ಅಷ್ಟು ಸುಲಭವಾದುದಲ್ಲ. ಬ್ಯಾಕ್ಟೀರಿಯ ಪಾದರಸವನ್ನು ನಾಶಮಾಡುವುದಿಲ್ಲ. ಲೋಹವನ್ನು ನಾಶಮಾಡುವ ಶಕ್ತಿ ಯಾವ ಜೀವಿಗೂ ಇಲ್ಲ. ಆವಿಯಾಗಿ ಮೇಲೇರಿದ್ದು ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು ಎಲ್ಲಿಯೋ ಮಳೆಯೊಡನೆ ಮರಳಿ ಬೀಳುತ್ತದೆ. ಆಳದ ಕೆಸರಿನಲ್ಲಿ ಗಂಧಕದೊಡನೆ ಬೀಗ ಬಿದ್ದಿರುವ ಪಾದರಸವಂತೂ ಅವುಗಳ ಕೈಗೆಟುಕುವುದೇ ಇಲ್ಲ. ಹೊರಗೆ ಹೋಗಲು ಬಿಡದಂತೆ ಕಟ್ಟಿಹಾಕಿದರೆ ಮಾತ್ರ ಅವುಗಳಿಂದ ಕೆಲಸವಾಗುತ್ತದೆ. ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಸಂಶೋಧಕರು ದೊಡ್ಡ ಕೊಳಗದಂಥ ಪಾತ್ರೆಯಲ್ಲಿ ಇಂಥ ಬ್ಯಾಕ್ಟೀರಿಯಗಳನ್ನು ಬೆಳೆಸಿ ಕ್ಲೋರಿನ್ ಕಾರ್ಖಾನೆಯ ಪಾದರಸದ ನೀರನ್ನು ಅದರ ಮೂಲಕ ಹಾಯಿಸಿದರು. ಲೋಹ ಪುಟ್ಟ ಹನಿಗಳಾಗಿ ಪಾತ್ರೆಯಲ್ಲಿಯೇ ಉಳಿಯಿತು. 2000ದಲ್ಲಿ ಪ್ರಕಟವಾದ ಈ ಪ್ರಯೋಗ ಕಾರ್ಖಾನೆಯ ಬಾಗಿಲಲ್ಲಿ ಮಾಡತಕ್ಕ ಉಪಾಯ. ಕೊಳಚೆ ಕಡಲಿಗೆ ಸೇರಿಹೋದ ಮೇಲೆ ಅದು ನೆರವಿಗೆ ಬಾರದು.

ಮಿನಮಾತದವರು ಆದಕಾರಣ ಸೂಕ್ಷ್ಮಜೀವಿಗಳನ್ನು ನೆಚ್ಚಿ ಕೂರಲಿಲ್ಲ. 1974ರಲ್ಲಿ ಕೊಲ್ಲಿಯ ಬಾಯಿಗೆ ಬಲೆ ಕಟ್ಟಿ, ಒಳಗಿನ ಮೀನು ಹೊರಗೆ ಹೋಗದಂತೆ ಮಾಡಿದರು. 1977ರಲ್ಲಿ ಕೆಸರು ತೆಗೆಯುವ ಕೆಲಸ ಆರಂಭವಾಯಿತು. ಕೆಸರನ್ನು ಕದಡಿದರೆ ಮಲಗಿದ್ದ ವಿಷ ಮತ್ತೆ ಎದ್ದೀತೆಂದು ಅಂಜಿದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಅವರ ಅಂಜಿಕೆ ನಿರಾಧಾರವೆಂದು ಯಾರೂ ಹೇಳಲಾರರು. ಕೆಲಸ ಸ್ಥಗಿತವಾಗಿ 1980ರಲ್ಲಿ ಮತ್ತೆ ಮೊದಲಾಯಿತು. ಹತ್ತು ಲಕ್ಷಕ್ಕೆ 25 ಭಾಗಕ್ಕಿಂತ ಹೆಚ್ಚು ಪಾದರಸವಿದ್ದ ಕೆಸರಿಗೆಲ್ಲ ಪರಿಹಾರ ಕಾಣಬೇಕೆಂಬುದು ಗುರಿ. ಅಂಥ ಕೆಸರು ಸುಮಾರು 15 ಲಕ್ಷ ಘನಮೀಟರು ಇತ್ತು. ಕೊಲ್ಲಿಯ ಒಳಭಾಗವನ್ನು ಉಕ್ಕಿನ ಗೋಡೆಯಿಂದ ಬೇಲಿಕಟ್ಟಿ, ಹೊರಗಿನ ಕೆಸರನ್ನು ನಿಧಾನವಾಗಿ ಹೀರಿ ತಂದು ಅದರೊಳಗೆ ತುಂಬಿ, ಮೇಲೆ ಹಾಳೆ ಹೊದಿಸಿ, ಗುಡ್ಡದ ಮಣ್ಣು ಹರಡಿದರು. 1990ರಲ್ಲಿ ಕೆಲಸ ಮುಗಿದಾಗ 58 ಹೆಕ್ಟೇರು ಹೊಸ ನೆಲ ಮೇಲೆದ್ದಿತ್ತು. ಖರ್ಚಾದದ್ದು 4,850 ಕೋಟಿ ಯೆನ್. ಹಿಡಿದ ವಿಷಮೀನುಗಳನ್ನು ಪೀಪಾಯಿಗಳಲ್ಲಿ ತುಂಬಿ ಆ ನೆಲದಡಿಯಲ್ಲಿಯೇ ಹೂಳಿದರು. ಮೀನುಗಳು ಸುರಕ್ಷಿತವೆಂದು ಸಾರಿ ಬಲೆ ತೆಗೆದದ್ದು 1997ರಲ್ಲಿ.

ಸರ್ಕಾರ ರೋಗಿಗಳೆಂದು ಅಧಿಕೃತವಾಗಿ ಒಪ್ಪಿಕೊಂಡವರ ಸಂಖ್ಯೆ 2,200ಕ್ಕೂ ಹೆಚ್ಚು. ಆ ಪಟ್ಟಿಗೆ ಸೇರದ ಹತ್ತಾರು ಸಾವಿರ ಮಂದಿಗೆ 1995 ಮತ್ತು 2009ರ ಏರ್ಪಾಡುಗಳ ಮೇರೆಗೆ ಪರಿಹಾರ ಸಂದಿತು. 2013ರಲ್ಲಿ ಪಾದರಸದ ಬಳಕೆಯನ್ನು ಕಡಿಮೆಮಾಡಲು ರಾಷ್ಟ್ರಗಳು ಕುಮಾಮೊತೊದಲ್ಲಿ ಸೇರಿ ಮಾಡಿಕೊಂಡ ಒಪ್ಪಂದಕ್ಕೆ ಮಿನಮಾತದ ಹೆಸರನ್ನೇ ಇಟ್ಟರು. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು.

ಆ ಹೊಸ ನೆಲದ ಮೇಲೆ ಉದ್ಯಾನವನವಿದೆ. ಹುಲ್ಲುಹಾಸಿನ ಕೆಳಗೆ ಕೆಸರಿದೆ, ಕೆಸರಿನಲ್ಲಿ ಪಾದರಸವಿದೆ. ಸುತ್ತ ಹೊಡೆದಿರುವ ಉಕ್ಕಿಗೆ ಉಪ್ಪುನೀರಿನಲ್ಲಿ ತುಕ್ಕು ತಪ್ಪಿದ್ದಲ್ಲ. ಕ್ಯೂಷು ಭೂಕಂಪಗಳ ಸೀಮೆ ಬೇರೆ. ಕಡಲಿಗೆ ಹತ್ತಿರವಾಗಿ ಗಿಡಗಳ ನಡುವೆ ಚಿಕ್ಕ ಚಿಕ್ಕ ಕಲ್ಲಿನ ವಿಗ್ರಹಗಳು ನಿಂತಿವೆ. ರೋಗದಿಂದ ನೊಂದವರು ಮತ್ತು ಅವರ ಬಂಧುಬಳಗದವರು ತಮ್ಮ ಕೈಯಾರ ಕೆತ್ತಿ ನಿಲ್ಲಿಸಿದವು ಅವು. ಪ್ರತಿ ವರ್ಷ ಮೇ 1ರಂದು, ಹೊಸೊಕಾವ ವರದಿಮಾಡಿದ ಆ ದಿನ, ಊರಿನವರು ಅಲ್ಲಿನ ಸ್ಮಾರಕದ ಬಳಿ ಕೂಡುತ್ತಾರೆ. ಸತ್ತ ಮನುಷ್ಯರನ್ನು ಮಾತ್ರವಲ್ಲ, ಮೀನು, ಹಕ್ಕಿ, ಬೆಕ್ಕುಗಳನ್ನೂ ನೆನೆಯುತ್ತಾರೆ.